ಚಿಂತಾಮಣಿಯ ಗಂಟು

"ಈ ಸೀರೆ ನೀವೇ ಇಟ್ಕೊಳ್ಳಿ ಅಮ್ಮ, ನಂಗೆ ಬೇಡ," ಎನ್ನುತ್ತ ಗಂಗುಲಮ್ಮ ಹಿತ್ತಿಲ ಬಾಗಿಲಲ್ಲೇ ಕುಸಿದು ಕೂತಳು. ಹೋದ ವಾರ ವೆಂಕಟರತ್ನಮ್ಮನಿಂದಲೇ ಕೊಂಡಿದ್ದ ನೇರಳೆ ಬಣ್ಣದ ಸೀರೆ ಅವಳ ಕೈಯಲ್ಲಿ ಮುದ್ದೆಯಾಗಿತ್ತು. ವೆಂಕಟರತ್ನಮ್ಮನ ಕಂಕುಳಲ್ಲಿ ಮಗು, ಕೈಯಲ್ಲಿ ಸೌಟು, ಒಲೆಯ ಮೇಲೆ ಸಾರು. ಬೆಳಗಿನಿಂದ ಒಂದು ಗಳಿಗೆಯೂ ಕೂತಿರದ ಜೀವ ಅದು.

"ಯಾಕೆ, ಹರೀತಾ?"

"ಹರ್ದಿದ್ರೆ ಹೊಲ್ಕೊಂತಿದ್ದೆ. ಕದ್ದಿದ್ದು ಅಂದ್ರು. ಪದ್ಮಮ್ಮೋರ ಅತ್ತೆ. ಮುಸುರೆ ತೊಳೆಯಕ್ಕೆ ಕೂತಿದ್ದೋಳ್ನ ಎಬ್ಬಿಸಿ ಸೆರಗು ಹಿಡ್ಕೊಂಡ್ರು. ಗೌರಿಬಿದನೂರಲ್ಲಿ ನಾನೇ ಆರಿಸಿ ಸೊಸೆಗೆ ಕೊಡಿಸಿದ್ ಸೀರೆ ಇದು, ಯಾವಾಗ ಎತ್ಕೊಂಡೋದೆ ಅಂತ. ಮನೆಗೋಗಿ ಬೇರೆ ಉಟ್ಕೊಂಡು ಬಂದೆ."

"ಪದ್ಮಮ್ಮ ಏನಂದ್ರು?"

"ಏನೂ ಅನ್ಲಿಲ್ಲ. ಅಲ್ಲೇ ನಿಂತಿದ್ರು."

ವೆಂಕಟರತ್ನಮ್ಮ ಸೌಟು ಕೆಳಗಿಟ್ಟಳು. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಅಕ್ಕಯ್ಯಮ್ಮನ ಗಂಟಿನಿಂದ ಸೀರೆ ಆರಿಸಿಕೊಳ್ಳುವುದು, ಮಗು ಮಲಗಿದಾಗ ಒಗೆದು, ಹೊಲಿದು, ಗಂಜಿ ಹಾಕುವುದು, ರೇಷ್ಮೆ ನೂಲು ತೆಗೆಯುವ, ಮನೆಗೆಲಸ ಮಾಡುವ ಹೆಂಗಸರಿಗೆ ಮಾರುವುದು, ಇದು ಮನೆ ಬಿಟ್ಟು ಕದಲಲಾಗದ ಅವಳು ಕಂಡುಕೊಂಡಿದ್ದ ದಾರಿ. ಅದಕ್ಕೊಂದು ಕಟ್ಟಳೆಯಿತ್ತು. ಶಿಡ್ಲಘಟ್ಟದಲ್ಲಿ ಕಟ್ಟಿದ ಗಂಟನ್ನು ಚಿಂತಾಮಣಿಯಲ್ಲಿ ಬಿಚ್ಚಬೇಕು, ಚಿಂತಾಮಣಿಯದನ್ನು ಶಿಡ್ಲಘಟ್ಟದಲ್ಲಿ. ತಾವು ಬಿಟ್ಟ ಸೀರೆಯನ್ನು ಇನ್ನೊಬ್ಬರ ಮೈಮೇಲೆ ನೋಡಲು ಯಾವ ಮನೆಯವರಿಗೂ ಇಷ್ಟವಿರುವುದಿಲ್ಲ. ಈ ಸಲ ಅಕ್ಕಯ್ಯಮ್ಮನಿಗೆ ಮಂಡಿನೋವು, ಬಸ್ಸು ಹತ್ತಿರಲಿಕ್ಕಿಲ್ಲ. "ಚಿಂತಾಮಣಿದೇ ಕಣಮ್ಮ" ಎಂದು ಈ ಊರಿನ, ಶಿಡ್ಲಘಟ್ಟದ ಗಂಟನ್ನೇ ಇಲ್ಲಿ ಬಿಚ್ಚಿದ್ದಳು. ಕೆದಕಿ ಕೇಳುವಷ್ಟು ಪುರಸೊತ್ತು ಇವಳಿಗೂ ಇರಲಿಲ್ಲ. ಅಂದರೆ ಅತ್ತೆ ಕೊಡಿಸಿದ ಸೀರೆಯನ್ನು ಅತ್ತೆಗೆ ತಿಳಿಯದಂತೆ ಪಾತ್ರೆಗೆ ಹಾಕಿದವರು ಪದ್ಮಮ್ಮನೇ. ಈಗ ಬಾಯಿಗೆ ಬೀಗ ಹಾಕಿಕೊಂಡು ನಿಂತವರೂ ಅವರೇ.

"ನನ್ನ ಹತ್ರ ತಗೊಂಡೆ ಅಂತ ಹೇಳ್ಬಾರದಿತ್ತೇನೇ?"

"ಯಾರಿಗೂ ಹೇಳ್ಬೇಡ ಅಂದಿದ್ರಲ್ಲಮ್ಮ. ಹೆಂಗೆ ಹೇಳ್ಲಿ? ನೀವೇ ಬಂದು ಒಂದು ಮಾತು ಹೇಳಿ. ಇಲ್ದಿದ್ರೆ ನಾಳೆಯಿಂದ ಯಾರೂ ನನ್ನನ್ನ ಮನೆಯೊಳಕ್ಕೆ ಸೇರ್ಸಲ್ಲ."

ಹೇಳಬೇಡ ಎಂದಿದ್ದು ನಿಜ. ಪದ್ಮಮ್ಮನ ಯಜಮಾನರು ತಾಲ್ಲೂಕು ಆಫೀಸಿನಲ್ಲಿ ಹೆಡ್ ಕ್ಲರ್ಕು, ವೆಂಕಟರತ್ನಮ್ಮನ ಗಂಡ ಸತ್ಯಮೂರ್ತಿ ಅವರ ಕೈಕೆಳಗಿನ ಗುಮಾಸ್ತ. ಹೆಂಡತಿ ಹಳೇ ಬಟ್ಟೆ ಮಾರುತ್ತಾಳೆಂಬ ಮಾತು ಆಫೀಸಿನಲ್ಲಿ ಹುಟ್ಟಿದ ದಿನವೇ ಇದೆಲ್ಲ ಬಂದ್ ಎಂದು ಅವನು ಮೊದಲೇ ಹೇಳಿಬಿಟ್ಟಿದ್ದ. ಆ ಮನೆಯಲ್ಲಿ ಬಾಯಿ ಬಿಟ್ಟರೆ ಸಂಜೆಯ ಹೊತ್ತಿಗೆ ಊರಿಗೆಲ್ಲ ಗೊತ್ತಾಗುತ್ತದೆ.

"ಮಗೂಗೆ ಮೈ ಬೆಚ್ಚಗಿದೆ ಕಣೇ. ನಾಳೆ ನೋಡೋಣ," ಎಂದಳು.

"ಆಯ್ತಮ್ಮ," ಎಂದು ಗಂಗುಲಮ್ಮ ಎದ್ದಳು. ಒಂದು ಮಾತು ಬೈದಿದ್ದರೂ ವೆಂಕಟರತ್ನಮ್ಮನಿಗೆ ಹಗುರವಾಗುತ್ತಿತ್ತು. ಕಳ್ಳಿ ಅನ್ನಿಸಿಕೊಂಡರೂ ತನ್ನ ಹೆಸರೆತ್ತದೆ ಬಂದವಳು ಹಾಗೆ ಸುಮ್ಮನೆ ತಿರುಗಿ ಹೊರಟಿದ್ದು ನೋಡಿ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

"ತಾಳೇ, ಸಾರು ಇಳಿಸಿ ಬರ್ತೀನಿ."

ಪದ್ಮಮ್ಮನ ಅತ್ತೆ ನಡುಮನೆಯಲ್ಲಿ ಮೊರದ ಮುಂದೆ ಕೂತು ಅಕ್ಕಿ ಆರಿಸುತ್ತಿದ್ದರು. ಗಂಗುಲಮ್ಮನ ಜೊತೆ ಬಂದ ವೆಂಕಟರತ್ನಮ್ಮ ಬಾಗಿಲಲ್ಲೇ ನಿಂತು, ಧೈರ್ಯ ಜಾರುವ ಮೊದಲೇ ಹೇಳಿಬಿಟ್ಟಳು. "ಆ ಸೀರೆ ಗಂಗುಲಮ್ಮಂಗೆ ಮಾರಿದ್ದು ನಾನು. ಹಳೇ ಸೀರೆ ತಗೊಂಡು ಮಾರ್ತೀನಿ."

"ನೀನಾ? ಸತ್ಯಮೂರ್ತಿ ಹೆಂಡ್ತಿ?" ಮುದುಕಿಯ ಹುಬ್ಬು ಮೇಲೇರಿತು. "ನಿಂಗೆಲ್ಲಿ ಸಿಕ್ತು ಅದು?"

ಅಡುಗೆಮನೆಯ ಬಾಗಿಲಲ್ಲಿ ಪದ್ಮಮ್ಮ ಕಾಣಿಸಿಕೊಂಡರು. ಬೇಡ ಎನ್ನುವಂತೆ ತಲೆಯಾಡಿಸಿದರು. ವೆಂಕಟರತ್ನಮ್ಮ ನೋಡಿಯೂ ನೋಡದವಳಂತೆ ಹೇಳಿದಳು. "ಸೀರೆಗೆ ಪಾತ್ರೆ ಕೊಡ್ತಾಳಲ್ಲ ಅಕ್ಕಯ್ಯಮ್ಮ, ಅವಳ ಗಂಟಲ್ಲಿ."

ಮುದುಕಿ ನಿಧಾನವಾಗಿ ಸೊಸೆಯತ್ತ ತಿರುಗಿದರು. ಆಮೇಲೆ ಮೊರದ ಅಕ್ಕಿಗೆ ಕೈ ಹಾಕಿ, "ಸರಿ. ಮುಸುರೆ ಹಾಗೇ ಬಿದ್ದಿದೆ, ನೋಡೇ ಗಂಗುಲಮ್ಮ," ಎಂದರು. ಅಷ್ಟೇ. ತಪ್ಪಾಯಿತು ಎಂಬ ಮಾತು ಆ ಮನೆಯಲ್ಲಿ ಯಾರ ಬಾಯಿಂದಲೂ ಹೊರಡಲಿಲ್ಲ. ಗಂಗುಲಮ್ಮ ಸೆರಗು ಸಿಕ್ಕಿಸಿಕೊಂಡು ಹಿತ್ತಿಲಿಗೆ ನಡೆದಳು.

ವೆಂಕಟರತ್ನಮ್ಮ ಬೀದಿಗಿಳಿಯುವಷ್ಟರಲ್ಲಿ ಪದ್ಮಮ್ಮ ಹಿಂದೆಯೇ ಬಂದರು. ಜಗಳಕ್ಕೆ ಬಂದರೋ ಏನೋ ಎಂದುಕೊಂಡಳು. ಸಂಜೆ ಗಂಡನ ಜೊತೆ ಆಡಬೇಕಾದ ಜಗಳ ಬೇರೆ ಬಾಕಿಯಿತ್ತು, ಎರಡಕ್ಕೆ ಅವಳಲ್ಲಿ ತ್ರಾಣವಿರಲಿಲ್ಲ.

ಪದ್ಮಮ್ಮ ಒಮ್ಮೆ ಹಿಂದೆ ತಿರುಗಿ ನೋಡಿ ದನಿ ತಗ್ಗಿಸಿದರು. "ಇನ್ನೂ ಎರಡಿವೆ ರತ್ನಮ್ಮ. ಒಂದೆರಡು ಸಲ ಉಟ್ಟಿದ್ದಷ್ಟೇ. ಆ ಪಾತ್ರೆಯವಳಿಗೆ ಹಾಕೋ ಬದಲು ನೀವೇ ತಗೊಳ್ಳಿ."

ಒಳಗಿನಿಂದ ಪಾತ್ರೆ ಉಜ್ಜುವ ಸದ್ದು ಕೇಳುತ್ತಿತ್ತು. ಎರಡು ಒಳ್ಳೆಯ ಸೀರೆ ಸಿಕ್ಕರೆ ಮಗುವಿನ ಔಷಧಿ, ಹಾಲು ಒಂದಷ್ಟು ದಿನ ನಡೆಯುತ್ತದೆ. ವೆಂಕಟರತ್ನಮ್ಮ ಮಗುವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡಳು.

"ಮೊದ್ಲು ನೀವೇ ಗಂಗುಲಮ್ಮನ್ನ ಒಂದು ಮಾತು ಕೇಳಿ," ಎಂದಳು. "ಕಳ್ಳಿ ಅನ್ನಿಸ್ಕೊಂಡಿದ್ದು ಅವಳು. ಹೂಂ ಅಂದ್ರೆ ತಗೋತೀನಿ."