ಗೆಣಸಿನ ಷರತ್ತು

ತೂಕದ ಯಂತ್ರದ ಮೇಲೆ ನಿಂತಿದ್ದ ಯೂಟಿಂಗ್‌ಳ ರಟ್ಟೆ ಹಿಡಿದು, ಊರಿಂದ ಬಂದಿದ್ದ ಅಮ್ಮ ಕೆಳಗೆಳೆದಳು. ಚೀನಾದಿಂದ ಸಿಯೋಲ್‌ಗೆ ಬಂದು, ಆರು ವರ್ಷ ಬರೀ ಬೇಯಿಸಿದ ಗೆಣಸು ತಿಂದು ಕುಣಿದವಳಿಗೆ ಆ ತೂಕವೇ ಕೊನೆಯ ಪರೀಕ್ಷೆ. ಗೆದ್ದರೆ ಪಾಪ್ ತಂಡದಲ್ಲಿ ಖಾಲಿಯಿದ್ದ ಒಂದೇ ಜಾಗ ಅವಳದು.

“ಗೆಣಸು ತಿನ್ಸಿ ನನ್ ಮಗಳನ್ನ ಕಡ್ಡಿ ಮಾಡಿದೀಯಲ್ಲೋ! ನಮ್ಮನೆ ಹಂದಿನೂ ಇದನ್ನ ಮೂಸಲ್ಲ!” ಅಮ್ಮ ತಂಡದ ಕೊರಿಯನ್ ಮ್ಯಾನೇಜರನನ್ನು ಚೀನೀ ಭಾಷೆಯಲ್ಲಿ ಐದು ನಿಮಿಷ ಉಸಿರು ಬಿಡದೆ ಬೈದಳು.

ಒಂದಕ್ಷರವೂ ಅರ್ಥವಾಗದ ಮ್ಯಾನೇಜರನ ಕಾಲು ತಾಳ ಹಾಕುತ್ತಿತ್ತು. ಅವನು ಕೊರಿಯನ್‌ನಲ್ಲಿ ಏನೋ ಹೇಳುತ್ತ ಒಪ್ಪಂದದ ಕಾಗದವನ್ನು ಅಮ್ಮನ ಮುಂದಿಟ್ಟ.

“ಇಂಥ ರ‍್ಯಾಪ್ ಎಲ್ಲೂ ಕೇಳಿಲ್ವಂತೆ,” ಯೂಟಿಂಗ್ ಅಳು ನುಂಗಿ ಅನುವಾದಿಸಿದಳು. “ಆ ಜಾಗ ನಿಂಗಂತೆ ಕಣಮ್ಮ.”

ಅಮ್ಮ ನಾಚುತ್ತಲೇ ಪೆನ್ನು ಹಿಡಿದಳು. “ಊಟಕ್ಕೇನಂತೆ?”

“ಗೆಣಸು.”

ಅಮ್ಮ ಪೆನ್ನು ಕೆಳಗಿಟ್ಟಳು. “ನಂಗ್ಬೇಡ.”