ಜಡೆಮ್ಮ ಹಚ್ಚಿದ ಬೆಂಕಿ

ಕೈಯಲ್ಲಿ ಕೆಲಸವಿದ್ದರೆ ಆಮೇಲೆ ಓದಿ... ಆದರೆ ಸಮಾಧಾನವಾಗಿ ಓದಿ.

ಜೀಪು ಹತ್ತದ ಬೆಟ್ಟ ಅದು. ಮೂರು ದಿನದಿಂದ ಕಾಡು ಉರಿಯುತ್ತಲೇ ಇತ್ತು...

ಬೆಳಿಗ್ಗೆ ಹೆಲಿಕಾಪ್ಟರ್‌ನಿಂದ ಹಗ್ಗ ಹಿಡಿದು ನಾಲ್ವರು ಇಳಿದರು. ಬೆಂಕಿ ಆರಿಸುವ ತಂಡ. ಲೀಡರ್ ಉತ್ತಯ್ಯ, ಹನ್ನೆರಡು ವರ್ಷದ ಅನುಭವಿ.

ಇಳಿದವನಿಗೆ ಕಂಡದ್ದೇನು? ಒಂಟಿ ಗುಡಿಸಲು... ಅದರ ಸುತ್ತಲಿನ ಒಣಹುಲ್ಲಿಗೆ ತಾನೇ ಬೆಂಕಿ ಹಚ್ಚುತ್ತಿದ್ದ ಸೋಲಿಗರ ಮುದುಕಿ, ಜಡೆಮ್ಮ!

ಅವನಿಗೆ ಪಿತ್ತ ನೆತ್ತಿಗೇರಿತು.

"ಏಯ್ ಅಜ್ಜಿ, ತಲೆ ಕೆಟ್ಟಿದೆಯಾ? ನಿಮ್ಮಂಥೋರಿಂದಲೇ ಕಾಡು ಹಾಳಾಗೋದು!"

"ಬುದ್ದಿ, ವಸಿ ಕೇಳಿ... ಮುಂಚೇನೇ ಸುಟ್‌ಬುಟ್ರೆ..."

ಅವನು ಕೇಳಲಿಲ್ಲ. ಅವಳ ಕೈಯಿಂದ ಕಡ್ಡಿಪೊಟ್ಟಣ ಕಿತ್ತುಕೊಂಡ. ಹಸಿ ಸೊಪ್ಪಿನಿಂದ ಬಡಿದು ಬೆಂಕಿ ಆರಿಸಿದ.

ಮಧ್ಯಾಹ್ನ ಗಾಳಿ ತಿರುಗಿತು...

ಕೆಳಗಿನ ಕಣಿವೆಯಿಂದ ಆಳೆತ್ತರದ ಉರಿ ನೇರ ಇವರತ್ತ ಏರತೊಡಗಿತು.

ಉತ್ತಯ್ಯ ವಾಕಿಟಾಕಿಯಲ್ಲಿ ಕೂಗಿದ. "ಹಗ್ಗ ಇಳಿಸಿ! ಐದು ಜನ ಇದ್ದೀವಿ!"

"ಹೊಗೇಲಿ ಏನೂ ಕಾಣ್ತಿಲ್ಲ ಸರ್... ಎರಡು ಸಲ ಟ್ರೈ ಮಾಡ್ದೆ..." ಪೈಲಟ್ ಹೇಳಿದ. "ಸಾರಿ ಸರ್..."

ತಂಡದ ಇರ್ಷಾದ್, ಸಿಗ್ನಲ್ ಇಲ್ಲದ ಫೋನಿನಲ್ಲಿ ಹೆಂಡತಿಗೆ ಮಾತು ರೆಕಾರ್ಡ್ ಮಾಡತೊಡಗಿದ. "ಮಗೂನ ಚೆನ್ನಾಗಿ ನೋಡ್ಕೋ..."

ಉತ್ತಯ್ಯನಿಗೆ ಹನ್ನೆರಡು ವರ್ಷ ಕಲಿತದ್ದರಲ್ಲಿ ಒಂದೂ ನೆನಪಿಗೆ ಬರಲಿಲ್ಲ...

ಆಗ ಜಡೆಮ್ಮ ಕೈ ಚಾಚಿದಳು. "ಈಗಲಾದ್ರೂ ಆ ಕಡ್ಡಿಪೊಟ್ಣ ಕೊಡಪ್ಪ."

ಕೊಟ್ಟ.

ಅವಳು ಬೆನ್ನ ಹಿಂದಿನ ಏರಿನ ಹುಲ್ಲಿಗೆ ಕಡ್ಡಿ ಗೀರಿದಳು. ಆ ಬೆಂಕಿ ಸರಸರನೆ ಮೇಲಕ್ಕೆ ಓಡಿತು... ಹಿಂದೆ ಉಳಿದದ್ದು ಬರೀ ಕರಿ ನೆಲ.

"ಬನ್ರಪ್ಪ ಬಿರ್‌ಬಿರ್ನೆ! ಈ ಬೂದಿ ಮ್ಯಾಲೆ ಮಕಾಡೆ ಮಲಿಕಳಿ!"

ಐವರೂ ಬಿಸಿ ಬೂದಿಗೆ ಮುಖವೊತ್ತಿ ಮಲಗಿದರು. ಬೆನ್ನು ಬೇಯುತ್ತಿತ್ತು... ಉಸಿರು ಕಟ್ಟುತ್ತಿತ್ತು...

ದೊಡ್ಡ ಬೆಂಕಿ ಭೋರ್ಗರೆಯುತ್ತ ಬಂತು. ಕರಿ ನೆಲದಲ್ಲಿ ಉರಿಯಲು ಏನೂ ಸಿಗದೆ, ಎರಡು ಬದಿಗೆ ಸೀಳಿಕೊಂಡು ಹೋಯಿತು.

ತಲೆ ಎತ್ತಿದಾಗ ಐವರೂ ಬದುಕಿದ್ದರು. ಗುಡಿಸಲು ಇರಲಿಲ್ಲ.

ಉತ್ತಯ್ಯ ಅವಳ ಕಾಲು ಹಿಡಿದ. "ಜೀವ ಉಳಿಸಿದ್ರಿ ಅಜ್ಜಿ..."

ಜಡೆಮ್ಮ ಗುಡಿಸಲಿದ್ದ ಕಡೆಯೇ ನೋಡುತ್ತಿದ್ದಳು.

"ಬೆಳಗ್ಗೆ ವಸಿ ಕೇಳಿದ್ರೆ ಅದೂ ಉಳೀತಿತ್ತು ಕಣಪ್ಪ..."

ಆ ದನಿಯಲ್ಲಿ ಕೋಪವಿರಲಿಲ್ಲ. ಅದಕ್ಕೇ ಉತ್ತಯ್ಯ ಬಿಕ್ಕಿ ಬಿಕ್ಕಿ ಅತ್ತ...

ಬಲ್ಲವರ ಮಾತು ಕೇಳಲು ಪ್ರಾಣಕ್ಕೆ ಕುತ್ತು ಬರುವವರೆಗೂ ಕಾಯಬೇಡಿ.

ಇವತ್ತು ನೀವು ಯಾರ ಬಾಯಿ ಮುಚ್ಚಿಸಿದಿರಿ...?