ಖಾಲಿ ಪೆಟ್ಟಿಗೆಗಳ ಜಾಗ

"ಫ್ರಿಜ್ಜಿನ ಪೆಟ್ಟಿಗೆ ಇದರಲ್ಲಿ ಹಿಡಿಯುವುದಿಲ್ಲ" ಎಂದು ಉಷಾಲತಾ ಅಳತೆಯ ಟೇಪನ್ನು ಸರ್ರನೆ ಒಳಗೆ ಬಿಟ್ಟಳು.

ಗಂಡ ಕಿಟ್ಟಣ್ಣನಿಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಗಲ್ಫಿನ ಮನಾಮ ನಗರದಿಂದ ಅರ್ಧ ಗಂಟೆ ದೂರ, ಖರ್ಜೂರದ ತೋಟಗಳ ಪಕ್ಕ, ಹೊರದೇಶದವರಿಗೂ ಕೊಳ್ಳಲು ಬಿಡುವ ಬಡಾವಣೆಯಲ್ಲಿ ಹೊಚ್ಚ ಹೊಸ ವಿಲ್ಲಾ. ಬಣ್ಣದ ವಾಸನೆ ಇನ್ನೂ ಹೋಗಿಲ್ಲ. ನಾಲ್ಕು ಬೆಡ್‌ರೂಮು, ಐದು ಬಾತ್‌ರೂಮು, ಹಿಂದೆ ಬಸಳೆ ಚಪ್ಪರ ಹಾಕುವಷ್ಟು ಜಾಗ. ಅದನ್ನೆಲ್ಲ ಒಂದು ಸುತ್ತು ನೋಡಿ ಬಂದವಳು ಅರ್ಧ ಗಂಟೆಯಿಂದ ಅಡುಗೆಮನೆಯ ಪಕ್ಕದ ಸ್ಟೋರ್‌ರೂಮಿನಲ್ಲಿ ಕೂತಿದ್ದಾಳೆ. ಮನೆ ಇಬ್ಬರ ಹೆಸರಿನಲ್ಲಿ. ಅವಳ ಸಹಿ ಬೀಳದೆ ಬೀಗದ ಕೈ ಸಿಗುವುದಿಲ್ಲ, ಪೆಟ್ಟಿಗೆಗಳಿಗೆ ಜಾಗ ಸಿಗದೆ ಅವಳು ಸಹಿ ಹಾಕುವುದಿಲ್ಲ.

ಪೆಟ್ಟಿಗೆ ಎಂದರೆ ಖಾಲಿ ರಟ್ಟಿನ ಪೆಟ್ಟಿಗೆ. ಟಿವಿ, ಫ್ರಿಜ್ಜು, ವಾಷಿಂಗ್ ಮೆಷಿನ್, ಮಿಕ್ಸಿ ಬಂದ ದಿನದ್ದು, ಒಳಗಿನ ಥರ್ಮೊಕೋಲ್ ಸಮೇತ. ಈಗಿರುವ ಮನಾಮದ ಗುಫೂಲ್ ಬಡಾವಣೆಯ ಬಾಡಿಗೆ ಫ್ಲ್ಯಾಟಿನಲ್ಲಿ ಇಪ್ಪತ್ತಾರು ವರ್ಷದಿಂದ ಅವು ಮನೆಯವರಿಗಿಂತ ಹೆಚ್ಚು ಜಾಗ ಹಿಡಿದಿವೆ. ಮಡಚಿ ಇಡಬಹುದಲ್ಲ ಎಂದರೆ, ಮಡಚಿದ ಪೆಟ್ಟಿಗೆಗೆ ಬಲ ಇರುವುದಿಲ್ಲ ಎನ್ನುತ್ತಾಳೆ. ವೀಸಾ ರದ್ದಾದರೆ ಸಾಮಾನು ಕಟ್ಟಿ ಊರಿಗೆ ಕಾರ್ಗೋ ಹಾಕಬೇಕಲ್ಲ. ಒಮ್ಮೆ ಕಿಟ್ಟಣ್ಣನ ಕಂಪನಿ ಮುಚ್ಚಿ, ಒಂದೇ ತಿಂಗಳಲ್ಲಿ ಹೊರಡಬೇಕಾಗಿ ಬಂದಾಗ ಅವೇ ಮಾನ ಉಳಿಸಿದ್ದವು. ಕೊನೆಯ ವಾರ ಬೇರೆ ಕೆಲಸ ಸಿಕ್ಕಿ, ಕಟ್ಟಿದ್ದನ್ನು ಬಿಚ್ಚಿದ್ದೂ ಆಯಿತು. ಪೆಟ್ಟಿಗೆಗಳ ಮೇಲಿನ ಅವಳ ಭಕ್ತಿ ಮಾತ್ರ ಅಂದಿನಿಂದ ಇನ್ನಷ್ಟು ಹೆಚ್ಚಿತು.

"ಆಂಟಿ, ಇಲ್ಲಿ ಮನೆ ತೆಗೊಂಡವರು ಯಾರೂ ಖಾಲಿ ಕಾರ್ಟನ್ ಇಟ್ಟುಕೊಳ್ಳುವುದಿಲ್ಲ" ಎಂದಳು ಪರ್ಲ್. ಬಿಲ್ಡರ್ ಕಂಪನಿಯ ಪರವಾಗಿ ಬೀಗದ ಕೈ ಕೊಡಲು ಬಂದ ಮಂಗಳೂರಿನ ಹುಡುಗಿ. ಅವಳೂ ಗಡಿಯಾರ ನೋಡಿ ಸಾಕಾಗಿದ್ದಳು.

"ಅವರಿಗೆ ಧೈರ್ಯ ಉಂಟು. ನನಗಿಲ್ಲ."

"ಎಂತ ಧೈರ್ಯ ಮಾರಾಯ್ತಿ?" ಕಿಟ್ಟಣ್ಣನ ಸಹನೆ ಮುಗಿಯಿತು. "ಇದೆಂತ ಬಾಡಿಗೆ ಮನೆಯಾ? ಯಾರಾದ್ರೂ ಬಂದು ಖಾಲಿ ಮಾಡಿ ಅಂತ ಹೇಳ್ತಾರಾ?"

"ನಿಮ್ಮ ಕೆಲಸ ಹೋದ್ರೆ?"

"ಹೋದ್ರೆ ಹೋಗ್ಲಿ. ಮನೆ ಉಂಟಲ್ಲ, ಅದರ ಮೇಲೆಯೇ ವೀಸಾ ಸಿಗ್ತದೆ. ನೂರು ಸಲ ಹೇಳಿದ್ದೇನೆ."

"ಹೇಳಿದ್ದೀರಿ" ಎಂದು ಒಪ್ಪಿಕೊಂಡವಳು ಮತ್ತೆ ಟೇಪು ಎಳೆದಳು. ಈ ಸಲ ಕರ್ಣರೇಖೆಯಲ್ಲಿ.

ಕಿಟ್ಟಣ್ಣ ಆಡಬಾರದ ಮಾತನ್ನು ಆಡಿಬಿಟ್ಟ. "ಕಟ್ಟಿಕೊಂಡು ಹೋಗುವುದಾದ್ರೂ ಎಲ್ಲಿಗೆ? ಸುರತ್ಕಲ್ಲಿನ ಮನೆ ಮಾರಿಯೇ ಅಲ್ವಾ ಇದನ್ನು ತೆಗೊಂಡದ್ದು? ಇನ್ನು ಇದೇ ನಮ್ಮ ಊರು. ಖಲಾಸ್."

ಸುರತ್ಕಲ್ಲಿನ ಆ ಮನೆಯ ಗೇಟಿನ ಮೇಲೆ ಅವಳ ಹೆಸರೇ ಇತ್ತು, ಉಷಾ ನಿಲಯ ಎಂದು. ಅವಳು ಎದ್ದು ಚೂಡಿದಾರದ ಧೂಳು ಕೊಡವಿಕೊಂಡು ಬಂದು, ಅಡುಗೆಮನೆಯ ಕಟ್ಟೆಯ ಮೇಲೆ ಟೇಪು ಇಟ್ಟು, ಪರ್ಲ್ ಬೆರಳು ತೋರಿಸಿದಲ್ಲೆಲ್ಲ ಸಹಿ ಹಾಕಿದಳು.

"ನಾಳೆಯೇ ಎಲ್ಲ ಪೆಟ್ಟಿಗೆ ಬಿಸಾಡುವ" ಎಂದು ಮೆಟ್ಟಿಲ ಮೇಲೆ ಹೋಗಿ ಕೂತಳು.

ಗೆದ್ದದ್ದಕ್ಕೆ ಕಿಟ್ಟಣ್ಣನಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ, ಇನ್ನಷ್ಟು ರೇಗಿತು. ಅದೇ ಸಿಟ್ಟಿನಲ್ಲಿ ಪೆನ್ನು ಕಿತ್ತುಕೊಂಡು ಉಳಿದ ಒಂದು ಫಾರ್ಮನ್ನು ತುಂಬಿಸಿ ಪರ್ಲ್‌ಳ ಮುಂದೆ ತಳ್ಳಿದ. ಅವಳು ಓದುತ್ತಾ ಹೋದವಳು ನಡುವೆ ನಿಂತಳು.

"ಅಂಕಲ್, ಪರ್ಮನೆಂಟ್ ಅಡ್ರೆಸ್ ಅಂತ ಇರುವಲ್ಲಿ ಸುರತ್ಕಲ್ಲಿನದ್ದು ಬರೆದಿದ್ದೀರಿ. ಅದು ಮಾರಿ ಆಯ್ತು ಅಂದ್ರಲ್ಲ ಈಗ?"

ಕಿಟ್ಟಣ್ಣ ಬಗ್ಗಿ ನೋಡಿದ. ಉಷಾ ನಿಲಯ, ಅಂಚೆ, ತಾಲೂಕು, ಪಿನ್‌ಕೋಡಿನ ಆರೂ ಅಂಕಿ. ಒಂದೂ ತಪ್ಪಿರಲಿಲ್ಲ. ಯಾವ ಕಚೇರಿಯಲ್ಲಿ ಯಾವ ಫಾರ್ಮು ಕೊಟ್ಟರೂ ಅವನ ಕೈ ಅವನನ್ನು ಕೇಳದೆ ಬರೆಯುತ್ತಿದ್ದದ್ದು ಇದನ್ನೇ.

"ಇನ್ನೊಂದು ಫಾರ್ಮ್ ಕೊಡಮ್ಮ" ಎಂದ.

ಹೊಸ ಫಾರ್ಮಿನಲ್ಲಿ ಹೆಸರು ಬರೆದ. ಫೋನ್ ನಂಬರ್ ಬರೆದ. ವಿಳಾಸದ ಹತ್ತಿರ ಬಂದಾಗ ಪೆನ್ನು ನಿಂತಿತು.

"ಈ ಮನೆಯ ನಂಬರ್ ಎಷ್ಟು?"

ಪರ್ಲ್ ಹೇಳಿದಳು.

"ರೋಡ್?"

ಅದನ್ನೂ ಹೇಳಿದಳು.

"ಬ್ಲಾಕ್?"

ಅದನ್ನು ಎರಡು ಸಲ ಹೇಳಬೇಕಾಯಿತು. ಕಿಟ್ಟಣ್ಣ ಒಂದೊಂದೇ ಅಂಕಿಯನ್ನು ಇಳಿಸಿ, ಕೆಳಗೆ ಸಹಿ ಹಾಕಿದ. ಪರ್ಲ್ ಬೀಗದ ಕೈಗಳ ಗೊಂಚಲನ್ನು ಅವನ ಮುಂದಿಟ್ಟು ಕಂಗ್ರಾಜುಲೇಷನ್ಸ್ ಹೇಳಿದಳು. ಅವನು ಅದನ್ನು ಅಲ್ಲಿಯೇ ಬಿಟ್ಟು, ಪಕ್ಕದಲ್ಲಿದ್ದ ಟೇಪನ್ನು ಎತ್ತಿಕೊಂಡು ಮೆಟ್ಟಿಲ ಹತ್ತಿರ ಬಂದ. ಮೆಟ್ಟಿಲ ಕೆಳಗಿನ ಇಳಿಜಾರಿನ ಖಾಲಿ ಜಾಗಕ್ಕೆ ತಲೆ ತಗ್ಗಿಸಿ ನುಗ್ಗಿ, ಟೇಪಿನ ತುದಿಯನ್ನು ಹೆಂಡತಿಯ ಕಡೆಗೆ ಚಾಚಿದ.

"ಇದನ್ನು ಹಿಡಿ" ಎಂದ. "ಫ್ರಿಜ್ಜಿನ ಪೆಟ್ಟಿಗೆ ನಿಲ್ಲಿಸಿಯೇ ಇಡಬೇಕಾ, ಮಲಗಿಸಿದ್ರೂ ಆಗ್ತದಾ?"